ತುಮಕೂರಿನಿಂದ ನಾಟಕ, ಯಕ್ಷಗಾನ ನೋಡಲು: ಬೆಂಗಳೂರೋ, ಕರಾವಳಿಯೋ, ಹೆಗ್ಗೋಡೋ?

ಹಾಡೂ ಬೇಕು, ನಾಟಕವೂ ಬೇಕು, ಬಳಗದವರೆಲ್ಲ ಒಟ್ಟಿಗೆ ಹೋಗಬೇಕು ಅಂದಿದ್ದೀರಿ. ಗುಬ್ಬಿ ವೀರಣ್ಣನವರ ಜಿಲ್ಲೆಯವರಲ್ವಾ!

ಖರ್ಚು, ಸಮಯ ನೋಡಿದರೆ ಬೆಂಗಳೂರಿನ ಜೆ.ಪಿ. ನಗರದ ರಂಗಮಂದಿರ ರಂಗಶಂಕರ ಸಲೀಸು. ಮಧ್ಯಾಹ್ನ ಹೊರಟು ರಾತ್ರಿಯೇ ವಾಪಸ್ ಬರಬಹುದು. ರೂಮಿನ ಬಾಡಿಗೆ ಇಲ್ಲ. ಹಿರಿಯರು ಜಾಸ್ತಿ ಇದ್ದರೆ ಇದೇ ಸರಿ. ಮಾದಾವರದಲ್ಲಿ ಬಸ್ ಇಳಿದು ಮೆಟ್ರೊ ಹಿಡಿದರೆ ಜೆ.ಪಿ. ನಗರದವರೆಗೂ ಟ್ರಾಫಿಕ್ ತಲೆನೋವಿಲ್ಲ. ಆದರೆ ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ‘ಇನ್ನೊಂದು ಕಾಫಿ’ ಅನ್ನುವವರು ಜೊತೆಗಿದ್ದರೆ ಹುಷಾರು. ಹೋದ ದಿನ ಸಂಗೀತ ನಾಟಕವೇ ಇರುತ್ತದೆ ಅಂತಲೂ ಇಲ್ಲ, ಮೊದಲೇ ವಿಚಾರಿಸಿ.

ಹಾಡೇ ಜೀವಾಳ ಆಗಬೇಕು ಅಂದರೆ ಕರಾವಳಿಯ ಯಕ್ಷಗಾನ. ಭಾಗವತರ ಹಾಡು, ಚೆಂಡೆ, ಮದ್ದಳೆ ಇಲ್ಲದೆ ಅಲ್ಲಿ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಭಕ್ತರು ಹರಕೆ ಹೊತ್ತು ಆಡಿಸುವ ಯಕ್ಷಗಾನಕ್ಕೆ, ಅಂದರೆ ಹರಕೆ ಆಟಕ್ಕೆ, ಟಿಕೆಟ್ ಇಲ್ಲ, ದುಡ್ಡೆಲ್ಲ ಬಸ್ಸಿಗೆ, ರೂಮಿಗೆ. ಶಿರಾಡಿ ಘಾಟಿ ಇಳಿದು, ನಿದ್ದೆಗೆಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು. ಮಂಡಿನೋವಿನವರಿಗೆ ಇದು ಶಿಕ್ಷೆಯೇ. ಬೆಳಗಿನವರೆಗೆ ಬೇಡ ಅಂದರೆ ಕಾಲಮಿತಿ ಆಟ ಹುಡುಕಿ. ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ನವೆಂಬರ್‌ನಿಂದ ಮೇ ತನಕ. ಮಳೆಗಾಲದಲ್ಲಿ ಹೋದರೆ ಬಯಲಾಟ ಸಿಗುವುದು ಕಷ್ಟ. ರಜೆಯೂ ಹುರುಪೂ ಇರುವ ಗುಂಪಿಗೆ ನನ್ನ ಓಟು ಇದಕ್ಕೇ.

ಸಾಗರದ ಹತ್ತಿರದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ನಾಟಕದ ಜೊತೆ ಚರ್ಚೆಯ ರುಚಿಯೂ ಇರುವವರಿಗೆ. ತಾಳಗುಪ್ಪ ರೈಲು ತುಮಕೂರಿನ ಮೇಲೇ ಹೋಗುತ್ತದೆ, ಸಾಗರದಲ್ಲಿ ಇಳಿಯಬೇಕು. ಸುಮ್ನೆ ನಾಟಕ ನೋಡಿದರೆ ಸಾಕು ಅನ್ನುವುದಾದರೆ ಅಷ್ಟು ದೂರ ಯಾಕೆ? 1985ರಿಂದ ಅವರ ‘ತಿರುಗಾಟ’ ತಂಡವೇ ಊರೂರು ಸುತ್ತುತ್ತಿದೆ.