ಡಾಟ್ ಗಿಟ್ ಮಾಯ, ಕೋಡ್ ಮಾತ್ರ ಉಳಿದಿದೆ: ಕ್ಲೋನೋ, ಫೆಚ್ಚೋ?

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ತನ್ನ ಇತಿಹಾಸವನ್ನೆಲ್ಲ ಪ್ರಾಜೆಕ್ಟಿನೊಳಗೆ ಅಡಗಿದ ‘.git’ (ಡಾಟ್ ಗಿಟ್) ಫೋಲ್ಡರಿನಲ್ಲಿ ಇಡುತ್ತದೆ. ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ಆ ಫೋಲ್ಡರ್ ಬಿಟ್ಟುಹೋಗಿರಬಹುದು, ಜಾಗ ಮಾಡಲು ಹೋಗಿ ಯಾರೋ ಅಳಿಸಿರಬಹುದು. ಯಾವುದಾದರೂ ಸರಿ, ಮೊದಲು ಇಡೀ ಪ್ರಾಜೆಕ್ಟ್ ಫೋಲ್ಡರನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ. ಗಡಿಬಿಡಿಯಲ್ಲಿ ಒಂದು ‘ರೀಸೆಟ್ --ಹಾರ್ಡ್’ (ಫೈಲುಗಳನ್ನೇ ಹಳೆಯ ಸ್ಥಿತಿಗೆ ಮರಳಿಸುವ ಆಜ್ಞೆ) ಒತ್ತಿದರೆ ಉಳಿದಿದ್ದೂ ಹೋಗುತ್ತದೆ.

ಸರ್ವರಿನಲ್ಲಿರುವ ರಿಪೊದಿಂದ (ಪ್ರಾಜೆಕ್ಟಿನ ಗಿಟ್ ಸಂಗ್ರಹ) ಡಾಟ್ ಗಿಟ್ ಮರಳಿ ಪಡೆಯಲು ಎರಡು ದಾರಿ, ಎರಡನ್ನೂ ಮಾಡಿ ನೋಡಿದ್ದಾಯಿತು. ಮೊದಲನೆಯದು ಕ್ಲೋನ್, ಅಂದರೆ ಇಡೀ ರಿಪೊವನ್ನು ಹೊಸದಾಗಿ ಇಳಿಸುವುದು. ‘ಗಿಟ್ ಕ್ಲೋನ್ --ನೋ-ಚೆಕ್‌ಔಟ್’ ಎಂದು ಬೇರೆ ಫೋಲ್ಡರಿಗೆ ಇಳಿಸಿ, ಅದರ ಡಾಟ್ ಗಿಟ್ ಅನ್ನು ಹಳೆಯ ಫೋಲ್ಡರಿಗೆ ಸರಿಸಿ, ಅಲ್ಲಿ ಬರೀ ‘ಗಿಟ್ ರೀಸೆಟ್’ ಕೊಡುವುದು. ಇದು ಇಂಡೆಕ್ಸನ್ನು (ಗಿಟ್ ಇಟ್ಟುಕೊಳ್ಳುವ ಫೈಲುಗಳ ಪಟ್ಟಿ) ಮಾತ್ರ ಹೊಸದಾಗಿ ಕಟ್ಟುತ್ತದೆ, ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇದ್ದವರಿಗೆ ಇಷ್ಟೇ ಸಾಕು. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ, ಅದರಲ್ಲೂ ಪುನರ್ವಸು ಮಳೆ ಹಿಡಿದಾಗ, ಕಥೆ ಬೇರೆ. ಕ್ಲೋನ್ ಅರ್ಧಕ್ಕೆ ತುಂಡಾದರೆ ಇಳಿದಷ್ಟನ್ನೂ ಗಿಟ್ ಅಳಿಸಿಬಿಡುತ್ತದೆ, ಮತ್ತೆ ಸೊನ್ನೆಯಿಂದ ಶುರು.

ಅಲ್ಲಿ ಎರಡನೆಯ ದಾರಿಯಾದ ಫೆಚ್ ಗೆಲ್ಲುತ್ತದೆ, ಅಂದರೆ ಇರುವ ಫೋಲ್ಡರಿಗೇ ಇತಿಹಾಸವನ್ನು ತರಿಸುವುದು. ಹಳೆಯ ಫೋಲ್ಡರಿನಲ್ಲೇ ‘ಗಿಟ್ ಇನಿಟ್ -ಬಿ ಮೇನ್’, ‘ಗಿಟ್ ರಿಮೋಟ್ ಆ್ಯಡ್ ಒರಿಜಿನ್’ ಮತ್ತು ವಿಳಾಸ, ‘ಗಿಟ್ ಫೆಚ್ --ಡೆಪ್ತ್=1 ಒರಿಜಿನ್ ಮೇನ್’, ಕೊನೆಗೆ ‘ಗಿಟ್ ರೀಸೆಟ್ ಒರಿಜಿನ್/ಮೇನ್’. ಇಲ್ಲಿ ‘ಒರಿಜಿನ್’ ಸರ್ವರ್ ರಿಪೊದ ಹೆಸರು, ‘ಮೇನ್’ ಮುಖ್ಯ ಬ್ರ್ಯಾಂಚ್ (ಕವಲು), ಡೆಪ್ತ್ 1 ಅಂದರೆ ಇತ್ತೀಚಿನ ಒಂದೇ ಕಮಿಟ್ (ದಾಖಲಾದ ಒಂದು ಸ್ಥಿತಿ). ಹಳೆಯ ಇತಿಹಾಸವನ್ನು ‘ಗಿಟ್ ಫೆಚ್ --ಡೀಪನ್=100’ ಎಂದು ಕಂತುಕಂತಾಗಿ ತರಿಸಿ. ಮುಗಿದ ಕಂತು ಉಳಿಯುತ್ತದೆ. ನೆಟ್ ಹೋದರೆ ಆ ಒಂದು ಕಂತಷ್ಟೇ ನಷ್ಟ. ನೆಟ್ ಪೂರ್ತಿ ಕೈಕೊಟ್ಟರೆ, ರಿಪೊ ಇರುವ ಗೆಳೆಯರಿಂದ ‘ಗಿಟ್ ಬಂಡಲ್ ಕ್ರಿಯೇಟ್’ಗೆ ‘--ಆಲ್’ ಸೇರಿಸಿ ಒಂದೇ ಫೈಲ್ ಮಾಡಿಸಿಕೊಳ್ಳಿ. ಪೆನ್‌ಡ್ರೈವ್ ಬಸ್ಸಿನಲ್ಲಿ ಬಂದರೂ ಆಯಿತು, ಆ ಫೈಲಿನಿಂದಲೇ ಫೆಚ್ ನಡೆಯುತ್ತದೆ.

ಜನ ಎಡವುವುದು ಇಲ್ಲೆಲ್ಲ ಅಲ್ಲ, ರೀಸೆಟ್ ಯಾವ ಕಮಿಟ್‌ಗೆ ಎಂಬಲ್ಲಿ. ನೀವು ಕೊನೆಯ ಸಲ ಪುಲ್ ಮಾಡಿದ (ಸರ್ವರಿನಿಂದ ತಂದ) ಮೇಲೆ ಬೇರೆಯವರು ಪುಶ್ ಮಾಡಿದ್ದರೆ (ಸರ್ವರಿಗೆ ಕಳಿಸಿದ್ದರೆ), ತುದಿಯ ಇತ್ತೀಚಿನ ಕಮಿಟ್‌ಗೆ ರೀಸೆಟ್ ಮಾಡಿದಾಗ ಅವರು ಸೇರಿಸಿದ ಫೈಲುಗಳನ್ನೆಲ್ಲ ನೀವೇ ಅಳಿಸಿದಂತೆ ಸ್ಟೇಟಸ್ ತೋರಿಸುತ್ತದೆ. ಹಾಗೇ ಕಮಿಟ್ ಮಾಡಿದರೆ ಅವರ ಕೆಲಸ ನಿಜವಾಗಿಯೂ ಅಳಿಯುತ್ತದೆ. ಹಿಂದಿನ ಒಂದೊಂದೇ ಕಮಿಟ್‌ಗೆ ‘ಗಿಟ್ ಡಿಫ್ --ಶಾರ್ಟ್‌ಸ್ಟ್ಯಾಟ್’ ಓಡಿಸಿ, ನಿಮ್ಮ ಫೈಲುಗಳಿಗೂ ಆ ಕಮಿಟ್‌ಗೂ ಎಷ್ಟು ವ್ಯತ್ಯಾಸವೆಂದು ಅದು ಹೇಳುತ್ತದೆ. ವ್ಯತ್ಯಾಸ ಅತಿ ಕಡಿಮೆ ಬಂದದ್ದೇ ಹೆಚ್ಚಾಗಿ ನಿಮ್ಮ ಮೂಲ ಕಮಿಟ್. ಅದಕ್ಕೆ ರೀಸೆಟ್ ಮಾಡಿ, ನಿಮ್ಮ ಕೆಲಸ ಕಮಿಟ್ ಮಾಡಿ, ಆಮೇಲೆ ಒರಿಜಿನ್/ಮೇನ್ ಮರ್ಜ್ ಮಾಡಿ (ಬೆರೆಸಿ). ಡೆಪ್ತ್ 1ರಲ್ಲಿ ಇದು ಆಗದು, ಒಂದೆರಡು ಕಂತು ಡೀಪನ್ ಬೇಕೇ ಬೇಕು.

ಮುಟ್ಟದ ಫೈಲುಗಳೆಲ್ಲ ಬದಲಾದಂತೆ ಕಂಡರೆ ಹೆದರಬೇಡಿ. ಪೆನ್‌ಡ್ರೈವಿನಿಂದ ಬಂದ ಫೈಲುಗಳ ಅನುಮತಿ ಬದಲಾಗಿರುತ್ತದೆ, ‘ಕೋರ್.ಫೈಲ್‌ಮೋಡ್ ಫಾಲ್ಸ್’ ಕೊಡಿ. ವಿಂಡೋಸಿನಲ್ಲಾದರೆ ಸಾಲುಕೊನೆಯ ಗುರುತು ಕಾರಣವಾಗಿರಬಹುದು, ‘ಕೋರ್.ಆಟೋಸಿಆರ್‌ಎಲ್‌ಎಫ್’ ನೋಡಿ. ಯಾವ ಫೈಲುಗಳನ್ನು ಗಿಟ್ ಬಿಡಬೇಕೆಂದು ‘ಇನ್ಫೋ/ಎಕ್ಸ್‌ಕ್ಲೂಡ್’ನಲ್ಲಿ ಬರೆದಿಟ್ಟ ನಿಯಮಗಳೂ ಡಾಟ್ ಗಿಟ್ ಜೊತೆಗೇ ಹೋಗಿರುತ್ತವೆ. ಕಣ್ಣುಮುಚ್ಚಿ ‘ಗಿಟ್ ಆ್ಯಡ್’ ಮಾಡಿದರೆ ಪಾಸ್‌ವರ್ಡ್ ಇರುವ ಫೈಲೂ ಒಳಸೇರುತ್ತದೆ.

ಪುಶ್ ಮಾಡದ ಕಮಿಟ್‌ಗಳೂ ಸ್ಟ್ಯಾಶ್‌ಗಳೂ (ಕಮಿಟ್ ಮಾಡದೆ ಪಕ್ಕಕ್ಕಿಟ್ಟ ಬದಲಾವಣೆ) ಮೇಲಿನ ಎರಡೂ ದಾರಿಗಳಲ್ಲಿ ಸಿಗವು. ಅದಕ್ಕೆ, ನೀವು ಬರೆಯುವುದು ವಿಎಸ್ ಕೋಡ್ ಎಡಿಟರಿನಲ್ಲಾದರೆ, ಅದರ ಟೈಮ್‌ಲೈನ್ ನೋಡಿ. 1.66ನೇ ಆವೃತ್ತಿಯಿಂದ ಅದು ಸೇವ್ ಮಾಡಿದ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ, ಒಂದು ಫೈಲಿಗೆ ಸಾಮಾನ್ಯವಾಗಿ 50. ಕಮಿಟ್ ಸಂದೇಶ ಸಿಗದು, ಕೋಡ್ ಸಿಗುತ್ತದೆ. ಫೋಟೋರೆಕ್ ತರಹದ, ಅಳಿಸಿದ ಫೈಲು ಹುಡುಕುವ ಸಾಧನಗಳಿಂದ ಹೆಚ್ಚು ನಿರೀಕ್ಷೆ ಬೇಡ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗವನ್ನು ಖಾಲಿ ಮಾಡಿಸುವ ಕೆಲಸ) ಓಡಿದ ಮೇಲಂತೂ ಸಮಯ ದಂಡ.

ಕರೆಂಟ್ ಹೋಗಿ ಡಾಟ್ ಗಿಟ್ ಕೆಟ್ಟಿದೆ, ಅಳಿದಿಲ್ಲ ಎಂದಾದರೆ ಮೊದಲಿನಂತೆ ಕಾಪಿ ಮಾಡಿಟ್ಟುಕೊಳ್ಳಿ, ಮೇಲಿನ ಉಳಿದ ಯಾವುದನ್ನೂ ಮಾಡಬೇಡಿ. ಡಾಟ್ ಗಿಟ್‌ನ ‘ಆಬ್ಜೆಕ್ಟ್ಸ್’ ಒಳಗಿನ ಸೊನ್ನೆ ಬೈಟಿನ ಫೈಲುಗಳನ್ನು ತೆಗೆದು, ‘ಲಾಗ್ಸ್/ಹೆಡ್’ನ ಕೊನೆಯ ಸಾಲುಗಳಿಂದ ಸರಿಯಿರುವ ಕಮಿಟ್ ಹುಡುಕಿ ಬ್ರ್ಯಾಂಚನ್ನು ಅಲ್ಲಿಗೆ ನಿಲ್ಲಿಸಿ. ಗಿಟ್ 2.36 ಅಥವಾ ಹೊಸದಿದ್ದರೆ ‘ಗಿಟ್ ಫೆಚ್ --ರೀಫೆಚ್’ (ಎಲ್ಲವನ್ನೂ ಮತ್ತೆ ತರಿಸುವುದು) ಕೊಟ್ಟು, ರಿಪೊ ಸರಿಯಿದೆಯೇ ಎಂದು ತಪಾಸಣೆ ಮಾಡುವ ‘ಗಿಟ್ ಎಫ್‌ಎಸ್‌ಸಿಕೆ’ ಓಡಿಸಿ. ಲಾಗ್ ಫೈಲೂ ಖಾಲಿಯಿದ್ದರೆ ಮಾತ್ರ ಫೆಚ್ ದಾರಿಗೆ ಬನ್ನಿ.