ಪುಣೆಯ ಮಳೆಗೆ ಸ್ಕೂಟರೋ, ಬೈಕೋ?

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಕೆಲಸಕ್ಕೆ ಸೇರಿದವರು ಗಾಡಿ ಕೊಳ್ಳುವಾಗ ಮೈಲೇಜು, ಬಣ್ಣ ಎಲ್ಲ ವಿಚಾರಿಸುತ್ತಾರೆ. ಬ್ರೇಕಿನ ಬಗ್ಗೆ ಕೇಳುವವರು ಕಡಿಮೆ. ನಾನಾದರೆ ಅದನ್ನೇ ಮೊದಲು ಕೇಳುತ್ತೇನೆ.

ಸಾಮಾನ್ಯ 110 ಸಿಸಿ ಸ್ಕೂಟರ್‌ನಲ್ಲಿ ಇರುವುದು ಸಿಬಿಎಸ್, ಅಂದರೆ ಎರಡೂ ಚಕ್ರದ ಬ್ರೇಕನ್ನು ಜೋಡಿಸುವ ವ್ಯವಸ್ಥೆ. ಎಡಗೈ ಲಿವರ್ ಹಿಡಿದರೆ ಹಿಂದಿನ ಚಕ್ರದ ಜೊತೆಗೆ ಮುಂದಿನದಕ್ಕೂ ಒಂದಿಷ್ಟು ಬ್ರೇಕ್ ಬೀಳುತ್ತದೆ. ಹೊಸಬರಿಗೆ ಅನುಕೂಲವೇ. ಆದರೆ ಗಾಬರಿಯಲ್ಲಿ ಅದುಮಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ಅದು ತಡೆಯದು.

150 ಸಿಸಿ ಬೈಕಿನ ಎಬಿಎಸ್, ಅಂದರೆ ಆಂಟಿ-ಲಾಕ್ ಬ್ರೇಕ್ ವ್ಯವಸ್ಥೆ, ಅದನ್ನು ತಡೆಯುತ್ತದೆ. ಚಕ್ರ ಜಾರುವ ಸೂಚನೆ ಸೆನ್ಸರ್‌ಗೆ ಸಿಕ್ಕ ಕೂಡಲೇ ಬ್ರೇಕಿನ ಒತ್ತಡ ಸೆಕೆಂಡಿಗೆ ಹಲವು ಬಾರಿ ಸಡಿಲವಾಗಿ, ಮತ್ತೆ ಬಿಗಿಯಾಗುತ್ತದೆ. ಜೂನ್‌ನ ಮೊದಲ ಮಳೆಗೆ ರಸ್ತೆಯ ಎಣ್ಣೆಜಿಡ್ಡು ಮೇಲೆದ್ದಾಗ ಇದರ ಬೆಲೆ ತಿಳಿಯುತ್ತದೆ. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಸಿಂಗಲ್ ಚಾನೆಲ್ ಎಂದರೆ ಮುಂದಿನ ಚಕ್ರಕ್ಕೆ ಮಾತ್ರ; ಕೈಯಲ್ಲಿ ಹಣವಿದ್ದರೆ ಎರಡೂ ಚಕ್ರಕ್ಕಿರುವ ಡ್ಯುಯಲ್ ಕೊಳ್ಳಿ.

ಗುಂಡಿಗಳ ವಿಷಯದಲ್ಲೂ ಬೈಕೇ ಮೇಲು. ಅದರ 17 ಇಂಚಿನ ಚಕ್ರ ದಾಟುವ ಹಳ್ಳದಲ್ಲಿ ಸ್ಕೂಟರಿನ 10 ಅಥವಾ 12 ಇಂಚಿನ ಚಕ್ರ ಸಿಕ್ಕಿಬೀಳಬಹುದು.

ಊರೊಳಗೇ, ಕೋಥ್ರೂಡ್‌ನಿಂದ ಡೆಕ್ಕನ್‌ವರೆಗಷ್ಟೇ ಓಡಾಟವೇ? ಗೇರಿನ ರಗಳೆಯಿಲ್ಲದ ಸ್ಕೂಟರ್ ಸಾಕು. ಲಾರಿಗಳ ನಡುವೆ ಹೆದ್ದಾರಿಯ ನವಲೆ ಸೇತುವೆಯ ಇಳಿಜಾರನ್ನು ದಿನವೂ ಇಳಿಯುವವರಿಗೆ ಮಾತ್ರ ಎಬಿಎಸ್ ಬೈಕನ್ನೇ ಹೇಳುತ್ತೇನೆ.

ಹೆಲ್ಮೆಟ್ ಕಡ್ಡಾಯದ ಮಾತು ಎತ್ತಿದರೆ ಪುಣೆಯಲ್ಲಿ ಜಗಳವೇ ಆಗುತ್ತದೆ! ಇರಲಿ, ಐಎಸ್‌ಐ ಗುರುತಿನ, ಗಲ್ಲವನ್ನೂ ಮುಚ್ಚುವಂಥದ್ದನ್ನು ಗಾಡಿಯ ಬಜೆಟ್‌ನಲ್ಲೇ ಸೇರಿಸಿಕೊಳ್ಳಿ.