ಆಡಿಟ್ಟೋ, ಒಪ್ಪಂದವೋ, ಸಂಘವೋ?

ಮನೆಯಲ್ಲಿ ಕೂತು ಗುಂಡಿ ಹಚ್ಚುವ, ಮಣಿ ಪೋಣಿಸುವವರ ಹಕ್ಕು ಕಾಪಾಡಲು ಬಟ್ಟೆ ಕಂಪನಿ ಯಾವ ದಾರಿ ಹಿಡಿಯಬೇಕು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಆಡಿಟ್, ಅಂದರೆ ಹೊರಗಿನವರು ಬಂದು ಫ್ಯಾಕ್ಟರಿಯ ಕೆಲಸದ ಸ್ಥಿತಿ ತಪಾಸಣೆ ಮಾಡುವುದು, ಅಗ್ಗ, ಬೇಗ ಮುಗಿಯುತ್ತದೆ. ಆದರೆ ಆಡಿಟರ್ ಸಾಮಾನ್ಯವಾಗಿ ನೋಡುವುದು ಫ್ಯಾಕ್ಟರಿ ಮತ್ತು ಅದರ ಹಾಜರಿ ಪುಸ್ತಕದಂಥ ದಾಖಲೆ. ಗುತ್ತಿಗೆದಾರ ಚೀಲಕ್ಕೆ ತುಂಬಿ ಮನೆಮನೆಗೆ ಹಂಚಿದ ಕೆಲಸ ಅದರಲ್ಲಿ ಇರೋದೇ ಇಲ್ಲ. ಫ್ಯಾಕ್ಟರಿಯೊಳಗಿನದ್ದಾದರೂ ಸರಿಯಾಗಿ ಕಾಣುತ್ತಾ? 2012ರಲ್ಲಿ ಕರಾಚಿಯಲ್ಲಿ ಬೆಂಕಿಗೆ 250ಕ್ಕೂ ಹೆಚ್ಚು ಜನ ಸತ್ತ ಕಾರ್ಖಾನೆಗೆ ಅದಕ್ಕೆ ಕೆಲವೇ ವಾರ ಮೊದಲು ಎಲ್ಲ ಸರಿ ಇದೆ ಅನ್ನೋ ಪ್ರಮಾಣಪತ್ರ ಸಿಕ್ಕಿತ್ತು!

ಗಟ್ಟಿತನದಲ್ಲಿ ಕಾರ್ಮಿಕ ಸಂಘಗಳ ಜೊತೆ ಮಾಡಿಕೊಳ್ಳುವ ಕಾನೂನುಬದ್ಧ ಒಪ್ಪಂದವೇ ಮುಂದೆ. ಬಾಂಗ್ಲಾದೇಶದಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ಮೇಲೆ 2013ರಲ್ಲಿ ಆ ದೇಶಕ್ಕಾಗಿ ಆದ ಅಕಾರ್ಡ್ ಅನ್ನೋ ಒಪ್ಪಂದ ಅಂಥದ್ದು. ಮಾತು ತಪ್ಪಿದ ಬ್ರ್ಯಾಂಡನ್ನು ಮಧ್ಯಸ್ಥಿಕೆಗೆ ಎಳೆಯಬಹುದಿತ್ತು. ಆದರೆ ಅದೂ ಕಟ್ಟಡದ ಸುರಕ್ಷತೆಯದ್ದು, ಮನೆಯಲ್ಲಿ ದುಡಿಯುವವರದ್ದಲ್ಲ.

ಅವರನ್ನು ತಲುಪಲು ಅವರದೇ ಸಂಘಟನೆ ಬೇಕು. 1972ರಲ್ಲಿ ಅಹಮದಾಬಾದ್‌ನಲ್ಲಿ ಶುರುವಾದ, ಸ್ವಂತ ದುಡಿಮೆಯ ಬಡ ಹೆಂಗಸರ ಸಂಘ ಸೇವಾ (SEWA) ಇದಕ್ಕೆ ಉದಾಹರಣೆ. ಪೀಸ್ ಲೆಕ್ಕದ ಕೂಲಿಯಲ್ಲಿ ಮಧ್ಯವರ್ತಿ ಎಷ್ಟು ನುಂಗಿದ ಅನ್ನೋದು ದುಡಿದವರಿಗೇ ಗೊತ್ತು, ಅಲ್ವಾ? ನಿಧಾನದ ದಾರಿ, ನಿಜ.

ಕೆಲಸವೆಲ್ಲ ದೊಡ್ಡ ಫ್ಯಾಕ್ಟರಿಗಳಲ್ಲಿದ್ದರೆ ಒಪ್ಪಂದ ಆರಿಸಿ. ಕಸೂತಿ, ಮಣಿ ಕೆಲಸ ಹೊರಗೆ ಹೋಗುತ್ತಿದ್ದರೆ ಸಂಘಟನೆ. ಹೊಸ ಸಪ್ಲೈಯರನ್ನು ಮೊದಲ ಸಲ ನೋಡಲು ಆಡಿಟ್ ಸಾಕು, ಅದೂ ಮುಂಚೆ ಹೇಳದೆ ಭೇಟಿ ಕೊಟ್ಟರೆ.